ಕಿಸೆಗಳ ಲೆಕ್ಕ

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ
ದುಡ್ಡನ್ನು ಕಿಸೆಯ ಲೆಕ್ಕದಲ್ಲಿ ಎಣಿಸುತ್ತೇವೆ.
ಜೀನ್ಸಿನ ಹಿಂದಿನ ಕಿಸೆ ಒಂದು ಹೊಲಿದರೆ ಎರಡು ರೂಪಾಯಿ.
ಚಹಾ ಅಂದರೆ ಐದು ಕಿಸೆ,
ಚಪ್ಪಲಿ ಅಂದರೆ ನೂರಾ ಇಪ್ಪತ್ತು,
ತಂಗಿಯ ಕಾಲೇಜು ಫೀಸು ಕೇಳಬೇಡಿ.

ನನ್ನಪ್ಪ ಮಟ್ಕಾ ಚೀಟಿ ಬರೆಯುತ್ತಿದ್ದ.
ಮುಚ್ಚಿಡುವುದೇನು. ಪಾನ್ ಡಬ್ಬಿಯ ಹಿಂದೆ
ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತುಂಡಿನಿಂದ
ಕಂಡವರ ಕನಸಿಗೆಲ್ಲ ನಂಬರು ಕೊಡುತ್ತಿದ್ದ:
ಹಾವು ಬಂದರೆ ಇಷ್ಟು, ಸತ್ತ ಅತ್ತೆ ನಕ್ಕರೆ ಇಷ್ಟು.
ಆದರೂ ಆ ಡಬ್ಬಿಗೊಂದು ಬಾಗಿಲಿತ್ತು.
ಹತ್ತಕ್ಕೆ ಬೀಗ. ಬೂಟಿನ ಸದ್ದಿಗೆ ಅಂಜಿಕೆ.
'ಸಾಕು, ಮನಿಗೆ ಹೋಗು' ಅನ್ನಲು
ಎದುರಿಗೊಂದು ಮುಖವಿತ್ತು.
ಈಗಿನ ಅಂಗಡಿ ಹುಡುಗರ ಕಿಸೆಯಲ್ಲೇ ಕೂತಿದೆ,
ನಾವೇ ಹೊಲಿದ ಕಿಸೆ.
ಅದಕ್ಕೆ ರಾತ್ರಿಯೇ ಆಗುವುದಿಲ್ಲ.

ಗಾದಿಲಿಂಗನಿಗೆ ಹತ್ತೊಂಬತ್ತು. ಕೈ ಚುರುಕು.
ನೀಲಿ ಬಣ್ಣ ಹತ್ತಿದ ಹೆಬ್ಬೆರಳು
ಹಗಲೆಲ್ಲ ಸೂಜಿಯ ಕೆಳಗೆ ಇನ್ನೂರು ಕಿಸೆ ತಿರುಗಿಸುತ್ತಿತ್ತು,
ರಾತ್ರಿ ಗಾಜಿನ ಮೇಲೆ ರಾಜ, ರಾಣಿ, ಗುಲಾಮ.
ಮೊದಲ ವಾರ ಎಂಟುನೂರು ಗೆದ್ದ.
ಕೆಟ್ಟದ್ದು ಆದದ್ದು ಆವಾಗಲೇ.

ಒಂದು ನಡುರಾತ್ರಿ ಶೇಕ್ಷಾವಲಿಗೆ ಅವನ ಫೋನು.
'ಸುಮ್ನೆ ಮಾಡಿದ್ನೋ' ಅಂದ.
ಹಿಂದೆ ಅದಿರು ಹೊತ್ತ ಗೂಡ್ಸ್ ಗಾಡಿಯ ಸದ್ದು,
ಡಬ್ಬಿಯ ಮೇಲೆ ಡಬ್ಬಿ, ಮುಗಿಯದ ಸದ್ದು.
ಸುಮ್ಮನೆ ಫೋನ್ ಮಾಡುವವರು ಹಳಿಯ ಪಕ್ಕ ನಿಲ್ಲುವುದಿಲ್ಲ.
ಶೇಕ್ಷಾವಲಿ ಬುದ್ಧಿ ಹೇಳಲಿಲ್ಲ, ಅವನಿಗದು ಬರುವುದೂ ಇಲ್ಲ.
'ಅಲ್ಲೇ ಇರು. ಗಾಡಿ ತರ್ತೀನಿ. ಹಸಿವಾಗೈತಿ,
ಎಲ್ಲನ ಇಡ್ಲಿ ಸಿಗ್ತಾವೇನು ನೋಡೋಣ.'
ರಾತ್ರಿ ಎರಡಕ್ಕೆ ಇಡ್ಲಿ!
ಅಳುತ್ತಿದ್ದವ ನಕ್ಕುಬಿಟ್ಟನಂತೆ.

ಹನ್ನೊಂದು ಸಾವಿರದ ಆರುನೂರು.
ಹುಲಿಗೆಮ್ಮ ಕಟಿಂಗ್ ಟೇಬಲ್ಲಿನ ಮೇಲೆ
ಸೀಮೆಸುಣ್ಣದಲ್ಲಿ ಭಾಗಿಸಿದಳು:
ಐದು ಸಾವಿರದ ಎಂಟುನೂರು ಕಿಸೆ.
ಗಾದಿಲಿಂಗ ಅದನ್ನು ನೋಡಿದ, ತನ್ನ ಕೈ ನೋಡಿಕೊಂಡ.
ರೂಪಾಯಿ ಬರೀ ಅಂಕಿಯಾಗಿತ್ತು.
ಕಿಸೆಗೆ ಬೆನ್ನುನೋವಿತ್ತು.

ಸಾಲ ನಾವು ತೀರಿಸಲಿಲ್ಲ, ನಮ್ಮ ಹತ್ತಿರ ಎಲ್ಲಿಂದ?
ಅವನವ್ವನಿಗೆ ಹೇಳುವಾಗ ಮೂವರು ಪಕ್ಕಕ್ಕೆ ನಿಂತೆವು.
ಆಕೆ ಮೊದಲು ಹೊಡೆದದ್ದು ನನಗೆ,
ಮಟ್ಕಾದವನ ಮಗ ಅಂತ.

ಅಲ್ಲಿಂದ ಶುರು. ಗುರುವಾರ ರಾತ್ರಿ, ಇಸ್ತ್ರಿ ಕೋಣೆ.
ಸಂಘಕ್ಕೆ ಹೆಸರಿಲ್ಲ. ಬ್ಯಾನರ್ ಮಾಡಿಸೋಣ ಎಂದ ಎರ್ರಿಸ್ವಾಮಿ,
ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.
ರಿಜೆಕ್ಟಾದ ಡೆನಿಮ್ ತುಂಡೊಂದಕ್ಕೆ
ಹುಲಿಗೆಮ್ಮ ಹದಿನೇಳು ಕಿಸೆ ಹೊಲಿದು ಗೋಡೆಗೆ ತೂಗುಬಿಟ್ಟಿದ್ದಾಳೆ.
ಬಂದವರು ಅದರಲ್ಲಿ ಫೋನು ಇಳಿಸಿ ನೆಲಕ್ಕೆ ಕೂರಬೇಕು.
ಮಾತಾಡುವವರು ಮಾತಾಡುತ್ತಾರೆ,
ಕೆಲವರು ಪ್ಯಾಂಟಿನ ದಾರ ಕೀಳುತ್ತ ಕೂರುತ್ತಾರೆ.
ಕೇಳುವುದು ಒಂದೇ: ಈ ವಾರ ಎಷ್ಟು ಕಿಸೆ?
ಸುಳ್ಳು ಹೇಳಿದರೂ ನಡೆಯುತ್ತದೆ,
ಮುಂದಿನ ವಾರ ಬರಬೇಕು, ಅಷ್ಟೆ.

ಆಮೇಲೆ ಕೇರಂ.
ಸೋತವ ಚಹಾ ಕುಡಿಸಲಿ ಎಂದು ಯಾರೋ ಅಂದು,
ಅದೂ ಬಾಜಿಯೇ ಅಲ್ಲವೇ ಎಂದು
ಒಂದು ತಾಸು ಜಗಳ.
ಕೊನೆಗೆ, ಗೆದ್ದವನೇ ಕುಡಿಸಬೇಕೆಂದು ತೀರ್ಮಾನವಾಗಿ
ಅಂದಿನಿಂದ ಗೆಲ್ಲುವ ಮನಸ್ಸು ಯಾರಿಗೂ ಇಲ್ಲ.

ಬೋನಸ್ ಬಂದ ವಾರ ಗಾದಿಲಿಂಗ ಮತ್ತೆ ಆಡಿದ.
ಮೂರು ಗುರುವಾರ ಗೋಡೆಯ ಮೇಲೆ ಅವನ ಕಿಸೆ ಖಾಲಿ.
ನಾಲ್ಕನೆಯದಕ್ಕೆ ಬಂದು ಬಾಗಿಲಲ್ಲೇ ನಿಂತು
'ಒಂಬೈನೂರು' ಎಂದ.
ರೂಪಾಯಿಯೋ, ಕಿಸೆಯೋ ಹೇಳಲಿಲ್ಲ.
'ಚಪ್ಪಲಿ ಹೊರಗೆ ಬಿಡೋ' ಅಂದಳು ಹುಲಿಗೆಮ್ಮ.

ನಿನ್ನೆ ಆಟ ನಡೆದಿತ್ತು. ಬೋರ್ಡಿನ ಮೇಲೆ
ಕೆಂಪು ಕಾಯಿಯೊಂದೇ, ಅದೂ ತೂತಿನ ಬಾಯಲ್ಲಿ.
ಗೋಡೆಯಲ್ಲಿ ಒಂದು ಕಿಸೆ ನಡುಗಿತು.
ದಪ್ಪ ಬಟ್ಟೆಯ ಒಳಗಿಂದ ಮಂದ ಬೆಳಕು:
ಬಾ, ನೂರು ರೂಪಾಯಿ ಪುಕ್ಕಟೆ, ಬಾ.
ಗಾದಿಲಿಂಗ ಆ ಕಡೆ ನೋಡಿದ.
ನಾವೆಲ್ಲ ಬೋರ್ಡು ನೋಡಿದೆವು.
ಅವನು ಸ್ಟ್ರೈಕರಿಗೆ ಬೆರಳಿಟ್ಟು, ಕಣ್ಣು ಕಿರಿದು ಮಾಡಿ
ಹೊಡೆದ, ತಪ್ಪಿಸಿದ.
'ನನ್ನ ಐವತ್ತು ಕಿಸೆ ಉಳೀತು ನೋಡ್ರಿ' ಅಂದ,
ಹತ್ತು ಮಂದಿಯ ಚಹಾ ಲೆಕ್ಕ ಹಾಕಿ.