ಐಸ್ ಪ್ಲಾಂಟಿನ ಕಂಪ್ಯೂಟರು

ನನ್ನ ಅಂಗಡಿಯಲ್ಲಿ ಅದಕ್ಕೆ ಏನೂ ರೋಗವಿಲ್ಲ.
ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡಿನ ಹಿಂದೆ
ಟೈಲರ್ ಅಂಗಡಿಯ ಮಾಳಿಗೆಯಲ್ಲಿ
ಎರಡು ಹಗಲು ಎರಡು ರಾತ್ರಿ ಬಿಡದೆ ಓಡಿಸಿದೆ,
ಒಂದು ಸಲವಾದರೂ ಕಣ್ಣು ಮುಚ್ಚಿದ್ದರೆ ಹೇಳಿ.
ಮಲ್ಪೆಗೆ ಒಯ್ದು ಮೇಜಿನ ಮೇಲಿಟ್ಟರೆ
ಅರ್ಧ ಬಿಲ್ಲು ಹೊಡೆಯುವಷ್ಟರಲ್ಲಿ ಪರದೆ ಕಪ್ಪು.
ಮತ್ತೆ ಮೊದಲಿನಿಂದ ಅದರ ಸುಪ್ರಭಾತ.

"ಹೀಗೇ ಮಾರಾಯ್ರೆ," ಎಂದರು ಕುಸುಮೋದರ,
ಕನ್ನಡಕದ ದಾರ ಸರಿಮಾಡುತ್ತ,
"ನಿಮ್ಮೆದುರು ಒಳ್ಳೆ ಹುಡುಗ.
ನೀವು ಹೋದ ಮೇಲೆ ಉಂಟು ಅದರ ಆಟ."

ಮೊದಲ ಸಲ ಮುಚ್ಚಳ ತೆಗೆದೆ.
ಫ್ಯಾನಿನ ರೆಕ್ಕೆಗೆ ಮೀನಿನ ವಾಸನೆಯ ಜಿಡ್ಡು,
ತಿರುಪುಗಳ ತಲೆಗೆ ಉಪ್ಪುಗಾಳಿಯ ತುಕ್ಕು,
ಮದರ್‌ಬೋರ್ಡಿನ ಮೂಲೆಯಲ್ಲಿ
ಹಲ್ಲಿ ಒಡೆದು ಹೋದ ಎರಡು ಮೊಟ್ಟೆಚಿಪ್ಪು.
ರ‍್ಯಾಮ್ ಕಿತ್ತು, ಮಗಳ ಕಂಪಾಸು ಪೆಟ್ಟಿಗೆಯಿಂದ ಕದ್ದ
ಸ್ಟ್ರಾಬೆರಿ ಘಮದ ರಬ್ಬರಿನಲ್ಲಿ
ಅದರ ಚಿನ್ನದ ಹಲ್ಲು ತಿಕ್ಕಿದೆ.
ಹೊಳೆಯಿತು. ನನಗೂ ಸ್ವಲ್ಪ ಹೆಮ್ಮೆಯಾಯಿತು.
ಮರುದಿನ ಒಂಬತ್ತೂಕಾಲಿಗೆ ಫೋನು.

ಎರಡನೆಯ ಸಲ ಎಸ್‌ಎಂಪಿಎಸ್ ಬದಲಿಸಿದೆ.
ಮೂರನೆಯ ಸಲ (ಇದನ್ನು ಬರೆಯಬಾರದಿತ್ತು)
"ವಿಂಡೋಸೇ ಹಾಳು" ಎಂದು ಘೋಷಿಸಿ
ಪೂರ್ತಿ ಫಾರ್ಮ್ಯಾಟ್ ಮಾಡಿದೆ.
ಬ್ಯಾಕಪ್ ತೆಗೆದಿದ್ದೆ. ಡೆಸ್ಕ್‌ಟಾಪಿನದ್ದು, ಡಿ ಡ್ರೈವಿನದ್ದು.
ಬೋಟುಗಳ ಬಾಕಿಯ ಫೈಲು ಇದ್ದದ್ದು
ಹಳೇ ಬಿಲ್ಲಿಂಗ್ ಸಾಫ್ಟ್‌ವೇರಿನ ಹೊಟ್ಟೆಯೊಳಗೆ,
ಸಿ ಡ್ರೈವಿನಲ್ಲಿ, ಯಾರೂ ಇಣುಕದ ಒಂದು ಫೋಲ್ಡರಿನಲ್ಲಿ.
ಗೊತ್ತಾದಾಗ ನನ್ನ ಕಿವಿ ಬಿಸಿಯಾಯಿತು.
ಕುಸುಮೋದರ ಬೈಯಲಿಲ್ಲ.
ಎದ್ದು ಹೋಗಿ ಕೈತೊಳೆದು ಬಂದರು, ಅಷ್ಟೆ.

ನಾಲ್ಕನೆಯ ಸಲ ಚೀಲ ಬಿಚ್ಚಲೇ ಇಲ್ಲ.
ಸ್ಟೂಲು ಎಳೆದು ಸುಮ್ಮನೆ ಕೂತೆ,
ಆಸ್ಪತ್ರೆಯಲ್ಲಿ ಹಾಸಿಗೆ ಪಕ್ಕ ಕೂರುವ ನೆಂಟನ ಹಾಗೆ.
ಹತ್ತೂವರೆಗೆ ಬೋಟೊಂದು ಧಕ್ಕೆಗೆ ತಾಗಿತು,
ಹೊರಗೆ ಯಾರೋ "ಐಸ್ ಪಾಡ್ಲೆ" ಎಂದು ಕೂಗಿದರು,
ಗೋಡೆಯಾಚೆ ಕ್ರಶರ್ ಗರ್ರನೆ ಎದ್ದಿತು,
ಟ್ಯೂಬ್‌ಲೈಟು ಒಂದು ಕ್ಷಣ ಎಂಜಲು ನುಂಗಿತು,
ಪರದೆ ಕಪ್ಪು.

"ಯುಪಿಎಸ್ ಇಲ್ಲವಾ ನಿಮ್ಮಲ್ಲಿ?"
"ಉಂಟಲ್ಲ. ಮೇಜಿನಡಿ."

ಮಂಡಿಯೂರಿದೆ.
ಹಳೇ ರಸೀದಿ ಕಟ್ಟು, ಮುರಿದ ಕೊಡೆ, ರಬ್ಬರ್ ಚಪ್ಪಲಿ ಒಂದು ಜೊತೆ,
ಎಲ್ಲದರ ಕೆಳಗೆ ಅದು.
ಸದ್ದು ಬರುವ ತೂತಿಗೆ ಹತ್ತಿ ತುರುಕಿ
ಮೇಲಿಂದ ಕಂದು ಟೇಪು, ನಾಲ್ಕು ಸುತ್ತು.
"ಕುಂಯ್ ಕುಂಯ್ ಅಂತ ಒಂದೇ ಸಮ.
ಫೋನಿನಲ್ಲಿ ರೇಟು ಕೇಳ್ತಿರಲಿಲ್ಲ ಮಾರಾಯ್ರೆ.
ಬೋಟು ರಜೆ ಮುಗಿದ ವಾರ ನಾನೇ ಅಂಟಿಸಿದ್ದು."

ಟೇಪು ಕಿತ್ತೆ. ಬ್ಯಾಟರಿ ಹೊಟ್ಟೆಯುಬ್ಬಿ ಸತ್ತು
ಎಷ್ಟು ತಿಂಗಳಾಗಿತ್ತೋ.
ಇಡೀ ಆಫೀಸಿನಲ್ಲಿ ರೋಗ ಹೇಳಿದ್ದು ಅದೊಂದೇ.
ನಾನಾದರೂ ಏನು,
ಮೂರು ಸಲವೂ ಅದರ ಮೇಲೆ ಕಾಲಿಟ್ಟುಕೊಂಡೇ
ಕೆಲಸ ಮಾಡಿದ್ದೆ.

ಹೊಸ ಬ್ಯಾಟರಿಯ ದುಡ್ಡು ಮಾತ್ರ ತೆಗೆದುಕೊಂಡೆ.
ಎಸ್‌ಎಂಪಿಎಸ್ಸಿನ ಮಾತು ಇಬ್ಬರೂ ಎತ್ತಲಿಲ್ಲ.
ಆಗ ಅವರು ಡ್ರಾಯರಿನಿಂದ ಕೆಂಪು ರಟ್ಟಿನ ಪುಸ್ತಕ ತೆಗೆದರು.
ಬಾಕಿ, ಬೋಟು ಬೋಟಿನದ್ದು, ನೀಲಿ ಪೆನ್ನಿನಲ್ಲಿ.
ಹತ್ತು ದಿನ ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ.
"ಇದನ್ನು ಮೊದಲೇ ಹೇಳಬಾರದಿತ್ತಾ?"
"ನೀವು ಕೇಳ್ಲಿಲ್ಲ."

ನಾನು ಓದುವುದು, ಅವರು ಒಂಟಿ ಬೆರಳಲ್ಲಿ ಕುಟ್ಟುವುದು.
"ಜಲದೀಪ, ನಲವತ್ತೆರಡು ಬ್ಲಾಕು."
"ಸಫಾ, ಮೂವತ್ತು. ಅರ್ಧ ಕೊಟ್ಟಿದ್ದಾರೆ."
"ಇದೆಂತ, ಹೊಡೆದು ಹಾಕಿದ್ದೀರಿ?"
"ಅದು ಬಿಡಿ. ಅವರು ಕೊಡುವವರಲ್ಲ."
"ಮತ್ಸ್ಯಜ್ಯೋತಿ, ಹದಿನೇಳು."

ಗೋಡೆಯಾಚೆ ಕ್ರಶರ್ ಎದ್ದಿತು.
ಇಬ್ಬರ ಕೈಯೂ ತಂತಾನೇ ಗಾಳಿಯಲ್ಲಿ ನಿಂತವು.
ಟ್ಯೂಬ್‌ಲೈಟು ಮಂಕಾಯಿತು.
ಕಾಲಡಿಯಲ್ಲಿ ಕುಂಯ್, ಒಂದೇ ಸಲ.
ಹದಿನೇಳರ ಮುಂದೆ ಆ ಸಣ್ಣ ಗೆರೆ
ಮಿಟುಕುತ್ತಲೇ ಇತ್ತು.

"ಮುಂದೆ ಓದಿ," ಎಂದರು.