ಮಾತ್ರೆಗಣ

ಹತ್ತೊಂಬತ್ತು ವರ್ಷ ಮಾತ್ರೆ ಎಣಿಸಿದಳು ನೆರಿಸ್,
ಬೇರೆಯವರು ಬರೆದ ಸಾಲುಗಳಿಗೆ.
ಎಲ್ಲೋ ಒಂದು ಗುರು ಹೆಚ್ಚಾದರೆ
ಡಾಕ್ಟರಿಗೆ ಫೋನು, ತಗ್ಗಿದ ದನಿ:
“ಕ್ಷಮಿಸಿ, ಈ ಪ್ರಮಾಣ... ಒಮ್ಮೆ ನೋಡ್ತೀರಾ?”
ಆಚೆಯಿಂದ ನಿಟ್ಟುಸಿರು. ತಿದ್ದುಪಡಿ. ಕಟ್.

ಇವತ್ತು ಪೆನ್ನು ಅವಳದೇ.
ವೇಲ್ಸಿನ ಈ ಕಲ್ಲುಗಣಿ ಊರಲ್ಲಿ
ಸ್ಲೇಟಿನ ಧೂಳು ಉಂಡ ಎದೆಯ ಇಡ್ವಲ್
ಕುರ್ಚಿಯ ತುದಿಯಲ್ಲಿ ಕೂತು ಬಾಗಿಲು ನೋಡುತ್ತಾನೆ.
“ಡಾಕ್ಟರು ಯಾವಾಗ ಬರ್ತಾರೆ?”
“ಬರಲ್ಲ. ನಾನೇ.”
“ಓ,” ಅಂದು, ತುಸು ಹೊತ್ತು ಬಿಟ್ಟು,
ಅಂಗಿಯ ತೋಳು ಮಡಚುತ್ತಾನೆ.

ರಾತ್ರಿ ಎದ್ದಾಗ ತಲೆ ಸುತ್ತಿ ಬೀಳುವುದು,
ಕಾಲಿನ ಬಾವು, ಹೆಂಡತಿಗೂ ಹೇಳದ್ದು,
ಎಲ್ಲ ಕೇಳಿ, ಒಂದನ್ನು ಹೊಡೆದು ಹಾಕಿ, ಇನ್ನೊಂದು ಬರೆದು
ಹಸಿರು ಚೀಟಿಗೆ ಮೊದಲ ಸಹಿ.
ಕೊನೆಯ ಅಕ್ಷರ ಸ್ವಲ್ಪ ನಡುಗಿತು.

ಮಧ್ಯಾಹ್ನ ಫೋನು.
ಹಳೆಯ ಅಂಗಡಿಯ ಹೊಸ ಹುಡುಗಿ, ತಗ್ಗಿದ ದನಿ:
“ಕ್ಷಮಿಸಿ, ಇಡ್ವಲ್ ಅವರ ಚೀಟಿ... ಅವರ ಮೂತ್ರಪಿಂಡ...”
ನೋಡಿದಳು.
ಹೌದು. ಒಂದು ಮಾತ್ರೆ ಹೆಚ್ಚು.

ನಿಟ್ಟುಸಿರು ಗಂಟಲವರೆಗೆ ಬಂತು;
ನುಂಗಿದಳು, ನೀರಿಲ್ಲದೆ.
“ಕೇಳಿದ್ದು ಒಳ್ಳೇದಾಯ್ತು ಕಣೇ.
ನಿನ್ನ ಹೆಸರೇನು?”