ಮಗ್ಗುಲು

ಬಿ.ಎಂ. ರಸ್ತೆಯ ಆ ಅಂಗಡಿಯಲ್ಲಿ
ಹಾಸಿಗೆಗಳನ್ನು ನಿಲ್ಲಿಸಿಟ್ಟಿದ್ದರು,
ಮಲಗಿಸಿದರೆ ಜಾಗ ಸಾಲದು ಅಂತ.
ಪ್ಲಾಸ್ಟಿಕ್ಕಿನೊಳಗೆ ಅವು
ಮೊದಲ ದಿನ ಶಾಲೆಗೆ ಬಂದ ಮಕ್ಕಳ ಹಾಗೆ
ಗೋಡೆಗೆ ಅಂಟಿಕೊಂಡಿದ್ದವು.

ಟೇಪು ನನ್ನ ಕೊರಳಲ್ಲೇ ಇತ್ತು;
ಪೆನ್ಷನ್ ಮೊಹಲ್ಲಾದಿಂದ ಹೊರಡುವಾಗ ತೆಗೆದಿಡಲು ಮರೆತಿದ್ದೆ.
ಎಪ್ಪತ್ತೆರಡೂವರೆಗೆ ಐವತ್ತೇಳು.
"ಆ ಸೈಜು ಬರಲ್ಲಮ್ಮ" ಅಂದ ಹುಡುಗ.
"ಮಂಚ ಬಂದಿದೆಯಲ್ಲಪ್ಪ" ಅಂದೆ.

ಧರಣೇಂದ್ರ ಅಂತ ಎದೆಯ ಬಿಲ್ಲೆಯ ಮೇಲೆ ಬರೆದಿತ್ತು.
ತೆಂಗಿನ ನಾರು, ಸ್ಪ್ರಿಂಗು, ಲೇಟೆಕ್ಸು, ಮೆಮೊರಿ ಫೋಮು,
ಒಂದೊಂದನ್ನೂ ಕೆಳಗಿಳಿಸಿ, ಬೆನ್ನು ತಟ್ಟಿ,
ಹತ್ತು ವರ್ಷ ಗ್ಯಾರಂಟಿ, ಹದಿನೈದು ವರ್ಷ ಗ್ಯಾರಂಟಿ.
ನಾನು ಜಿಪ್ಪು ಎಳೆದೆ.
ಅಂಚಿನ ಪೈಪಿಂಗು ಬೆರಳಲ್ಲಿ ಸವರಿದೆ.
ತಿರುವಿನಲ್ಲಿ ಹೊಲಿಗೆ ಬಿಗಿ ಉಂಟೋ ಇಲ್ಲವೋ ನೋಡಿದೆ.
ಮೂಲೆಯಲ್ಲಿ ಅವಸರ ಮಾಡಿದವನು
ಒಳಗೂ ಅವಸರವೇ ಮಾಡಿರುತ್ತಾನೆ.
ಮೂವತ್ತು ವರ್ಷ ರವಿಕೆ ಹೊಲಿದವಳಿಗೆ
ಇಷ್ಟೂ ತಿಳಿಯದಿದ್ದರೆ ಹೇಗೆ?

ಮನೆಯಲ್ಲಿರುವುದು ಮದುವೆಯ ಹಾಸಿಗೆ.
ಹೊಳೆನರಸೀಪುರದ ಪಿಂಜಾರ ಮದಾರಸಾಬಿ
ನಮ್ಮಪ್ಪನ ಜಗಲಿಯ ಮೇಲೆ ಎರಡು ದಿನ ಕೂತು
ಬಿಲ್ಲು ಮಿಡಿದು ಅರಳಿಸಿದ ಹತ್ತಿ.
ಈಗ ಹಲಗೆ.
ಕಿಟಕಿಯ ಕಡೆ ಒಂದು ಗುಂಡಿ.
ಒಂದೇ.

"ಸಾರ್ ಯಾವ ಮಗ್ಗುಲಲ್ಲಿ ಮಲಗ್ತಾರೆ?"
ಆ ಕಡೆ ಗಟ್ಟಿ, ಈ ಕಡೆ ಮೆತ್ತಗೆ,
ಹಾಗೂ ಮಾಡಿಕೊಡುತ್ತಾರಂತೆ.
ನಾನು ಇವರ ಮುಖ ನೋಡಿದೆ. ಇವರು ನನ್ನ ಮುಖ.
ಇಬ್ಬರಿಗೂ ಗೊತ್ತಿರಲಿಲ್ಲ.

ಇಪ್ಪತ್ತೇಳು ವರ್ಷ ಮಂಗಳೂರಿನ ರಾತ್ರಿ ಬಸ್ಸು.
ನಾನು ಮಿಷನ್ನು ಮುಚ್ಚುವ ಹೊತ್ತಿಗೆ ಇವರು ಡಿಪೋದಲ್ಲಿ.
ನಾನೆದ್ದು ಹಾಲಿಗೆ ಹೋದಾಗ ಇವರು ಬಂದು
ನನ್ನ ಗುಂಡಿಯಲ್ಲೇ, ನನ್ನ ಬಿಸಿ ಆರುವ ಮುಂಚೆ,
ತೋಳನ್ನು ಕಣ್ಣಿಗೆ ಅಡ್ಡವಿಟ್ಟು ನಿದ್ದೆ.
ಒಬ್ಬರ ಜಾಗ ಇಬ್ಬರಿಗೂ ಸಾಕಾಗಿತ್ತು.
(ರಜದ ದಿನಗಳಿದ್ದವು. ಅವನ್ನು ಇಲ್ಲಿ ಹೇಳುವುದಿಲ್ಲ.
ಇಬ್ಬರು ಹೆಣ್ಣುಮಕ್ಕಳಿದ್ದಾರೆ.)

ಏಪ್ರಿಲ್ಲಿನಲ್ಲಿ ರಿಟೈರಾದರು.
ಅಂದಿನಿಂದ ಆ ಗುಂಡಿಗೆ ಇಬ್ಬರೂ ಜಾರುತ್ತೇವೆ,
ಮೊಣಕೈಗೆ ಮೊಣಕೈ ತಾಗಿ
ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರಂತೆ
ಸರಿದುಕೊಳ್ಳುತ್ತೇವೆ.

"ಮಲಗಿ ನೋಡಿ. ಮಲಗದೆ ತಗೋಬೇಡಿ."
ರಸ್ತೆಯ ಕಡೆ ಪೂರ್ತಿ ಗಾಜು. ಎದುರಿಗೆ ಬೇಕರಿಯ ಜನ.
ಇವರು ಚಪ್ಪಲಿ ಬಿಟ್ಟು, ಯಾಕೋ ವಾಚೂ ಬಿಚ್ಚಿ,
ಮಲಗೇಬಿಟ್ಟರು.
ನಾನು ಸೆರಗು ಹೊದ್ದು ಅಂಚಿನಲ್ಲಿ.
ಹಗಲು ಎರಡು ಗಂಟೆ. ಮೇಲೆ ಟ್ಯೂಬ್‌ಲೈಟು.
ಇಬ್ಬರಿಗೂ ಎಚ್ಚರ.

ಧರಣೇಂದ್ರ ಗಾಜಿನ ಲೋಟದಲ್ಲಿ ನೀರು ತಂದು
ನಮ್ಮ ನಡುವೆ ಇಟ್ಟ.
"ಹೊರಳಿ ಸಾರ್."
ಹೊರಳಿದರು. ನೀರು ಅಲುಗಲಿಲ್ಲ.
"ನೋಡಿದ್ರಾ? ಒಬ್ಬರು ಹೊರಳಿದ್ದು
ಇನ್ನೊಬ್ಬರಿಗೆ ಗೊತ್ತೇ ಆಗಲ್ಲ.
ಅದೇ ಇದರ ಕ್ವಾಲಿಟಿ."

"ಹಾಗಾದರೆ ಇದು ಬೇಡ" ಅಂದೆ.

ನಡುರಾತ್ರಿ ಕಳೆದ ಮೇಲೆ ಇವರ ಬಲಗಾಲು ಬ್ರೇಕು ಒತ್ತುತ್ತದೆ.
ಮಾರನಹಳ್ಳಿ ದಾಟಿದ ಮೇಲಿನ ಯಾವ ತಿರುವೋ,
ಎದುರಿಗೆ ಯಾವ ಲಾರಿಯೋ.
ಮೊದಲ ವಾರ ಹೆದರಿದ್ದೆ.
ಈಗ ಹಾಸಿಗೆ ಜಗ್ಗಿದ ಕೂಡಲೇ
"ಇಳಿದಾಯ್ತು, ಗುಂಡ್ಯ ಬಂತು" ಅನ್ನುತ್ತೇನೆ.
ಕಾಲು ಸಡಿಲವಾಗುತ್ತದೆ.
ಬೆಳಿಗ್ಗೆ ಇವರಿಗೆ ನೆನಪಿರುವುದಿಲ್ಲ,
ನಾನೂ ಹೇಳಿಲ್ಲ.

ನಾರಿನದೇ ಆಯಿತು. ಹೊಲಿಗೆ ಚೆನ್ನಾಗಿತ್ತು.
ಅಳತೆಗೆ ಕುಯ್ದು ಕೊಡಲು ಎಂಟು ದಿನವಂತೆ.
ಆರುನೂರು ಇಳಿಸಿ ಎರಡು ದಿಂಬು ಕೇಳಿದೆ,
ಒಂದು ಕೊಟ್ಟ.

ಎನ್.ಆರ್. ಸರ್ಕಲ್ಲಿನ ಸಿಗ್ನಲ್ಲಿನಲ್ಲಿ
ದಿಂಬು ಕಂಕುಳಲ್ಲಿಟ್ಟುಕೊಂಡು ನಿಂತಾಗ
ಬಹಳ ಹೊತ್ತು ಯೋಚಿಸಿದವರಂತೆ ಇವರು ಹೇಳಿದರು:
"ಕಿಟಕಿ ಕಡೆ ನೀನೇ ಇರು.
ನನಗೆ ಬಲಗಡೆ ಅಭ್ಯಾಸ."